ಮ್ಯಾಶ್ ಉಷ್ಣಾಂಶ ಒಂದೇ ಸಮ ನಿಲ್ಲಿಸುವುದು ಹೇಗೆ? ಮನೆಯಲ್ಲಿ ಬಿಯರ್ ಮಾಡುವವರ ಅನುಭವಗಳು

ಕೇಳಿದವರು, ಡೆನ್ವರ್: ನಾನು 38 ಲೀಟರಿನ ಕೂಲರ್ ಡಬ್ಬದಲ್ಲಿ (ಶಾಖ ಹಿಡಿದಿಡುವ ಡಬ್ಬ) 5 ಕಿಲೋ ಬಾರ್ಲಿ ಮಾಲ್ಟಿಗೆ, ಅಂದರೆ ಮೊಳಕೆ ಬರಿಸಿ ಒಣಗಿಸಿ ಒಡೆದ ಕಾಳಿಗೆ, 15 ಲೀಟರ್ ಬಿಸಿನೀರು ಬೆರೆಸಿ ಮ್ಯಾಶ್ ಮಾಡುತ್ತೇನೆ, ಅಂದರೆ ಕಾಳಿನ ಪಿಷ್ಟ ಸಕ್ಕರೆಯಾಗಲು ಬಿಡುತ್ತೇನೆ. ಚಳಿಗಾಲದಲ್ಲಿ 66 ಡಿಗ್ರಿ ಸೆಲ್ಸಿಯಸ್ ಬೇಕೆಂದರೆ 63ಕ್ಕೇ ನಿಲ್ಲುತ್ತದೆ. ಅದಕ್ಕಾಗಿ ದ್ರವವನ್ನು ತಳದಿಂದ ಸೆಳೆದು ಮತ್ತೆ ಮೇಲೆ ಸುರಿಯುವ ಪಂಪು, ದಾರಿಯಲ್ಲಿ ಅದನ್ನು ಕಾಯಿಸುವ ಹೀಟರ್ ಕೊಳವೆ ಮತ್ತು ಸೆನ್ಸರ್ ನೋಡಿ ಹೀಟರನ್ನು ಹೆಚ್ಚುಕಡಿಮೆ ಮಾಡುವ ಪಿಐಡಿ ಕಂಟ್ರೋಲರ್ ಜೋಡಿಸಿದೆ. ಈಗ ಉಷ್ಣಾಂಶ 63ರಿಂದ 71ರವರೆಗೆ ಏರಿಳಿಯುತ್ತಿದೆ. ಸೆನ್ಸರನ್ನು ಡಬ್ಬದ ನಡುವೆ, ಕಾಳಿನೊಳಗೇ ಇಟ್ಟಿದ್ದೇನೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ, ಮಿನಿಯಾಪೊಲಿಸ್‌ನಿಂದ: ಸರ್, ನಿಮ್ಮ ಎರಡು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ. ಏರಿಳಿತಕ್ಕೆ ಕಾರಣ ಸೆನ್ಸರ್ ಇರುವ ಜಾಗವೆಂದೇ ನನ್ನ ಅಂದಾಜು. ಹೀಟರಿನಲ್ಲಿ ಕಾದ ದ್ರವ ಕಾಳಿನ ರಾಶಿಯ ಮೇಲೆ ಬಿದ್ದು, ನಿಧಾನವಾಗಿ ಇಳಿದು ನಡುವಿನ ಸೆನ್ಸರನ್ನು ಮುಟ್ಟುವಷ್ಟರಲ್ಲಿ ಹಲವು ನಿಮಿಷ ಕಳೆದಿರುತ್ತವೆ. ಅಷ್ಟು ಹೊತ್ತೂ ಕಂಟ್ರೋಲರ್ ಹಳೆಯ ಸುದ್ದಿಯನ್ನೇ ನಂಬಿ ಕಾಯಿಸುತ್ತಲೇ ಇರುತ್ತದೆ. ಇದರಿಂದ ಆಗುವ ನಿಜವಾದ ನಷ್ಟ ಪರದೆಯ ಮೇಲಿನ ಅಂಕಿಯಲ್ಲಿ ಕಾಣುವುದಿಲ್ಲ. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಕಾಳಿನಲ್ಲಿ ಕುಳಿತಿರುವುದಿಲ್ಲ, ದ್ರವದಲ್ಲಿ ಕರಗಿ ಪಂಪಿನೊಂದಿಗೆ ಸುತ್ತುತ್ತಿರುತ್ತವೆ. ಡಬ್ಬದ ನಡುವೆ 66 ಇದ್ದಾಗಲೂ ಹೀಟರ್ ಕೊಳವೆಯೊಳಗೆ 75 ದಾಟಿದರೆ, 60ರಿಂದ 65ರ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಬೀಟಾ ಅಮೈಲೇಸ್ ಎಂಬ ಕಿಣ್ವ ಅಲ್ಲಿಯೇ ಬೇಗ ಹಾಳಾಗುತ್ತದೆ. ಆಲ್ಫಾ ಅಮೈಲೇಸ್ ಎಂಬ ಇನ್ನೊಂದು ಕಿಣ್ವ ಅದಕ್ಕಿಂತ ಹೆಚ್ಚು ಬಿಸಿಯನ್ನು ತಡೆಯುವುದರಿಂದ ಪಿಷ್ಟವೇನೋ ಒಡೆಯುತ್ತದೆ, ಆದರೆ ಯೀಸ್ಟ್ ತಿನ್ನಲಾರದ ಡೆಕ್ಸ್‌ಟ್ರಿನ್‌ಗಳು (ಅರ್ಧ ಒಡೆದ ಪಿಷ್ಟದ ತುಣುಕುಗಳು) ಹೆಚ್ಚಾಗಿ ಉಳಿದು ಬಿಯರ್ ನೀವು ಬಯಸಿದ್ದಕ್ಕಿಂತ ದಪ್ಪವಾಗುತ್ತದೆ.

ಆದ್ದರಿಂದ ಸೆನ್ಸರನ್ನು ಹೀಟರಿನಿಂದ ದ್ರವ ಹೊರಬರುವ ಬಾಯಿಗೇ ಹಾಕಿ, ಗುರಿಯನ್ನು 66 ಅಥವಾ 67ಕ್ಕೆ ಇಡಿ. ಕಾಳಿನ ರಾಶಿ ಆ ಮಟ್ಟಕ್ಕೆ ಬರಲು ಸ್ವಲ್ಪ ಸಮಯ ಹಿಡಿಯುತ್ತದೆ, ಹಿಡಿಯಲಿ. ಅದನ್ನು ಅವಸರಪಡಿಸುವುದರಲ್ಲಿ ಲಾಭವಿಲ್ಲ. ಕಂಟ್ರೋಲರ್ ತನ್ನನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಟ್ಯೂನನ್ನು ಸೆನ್ಸರ್ ಜಾಗ ಬದಲಾದ ಮೇಲೆ ಮತ್ತೆ ನಡೆಸಬೇಕು, ಅದೂ ನೀವು ನಿಜವಾಗಿ ಬಳಸುವ ಹರಿವಿನ ವೇಗದಲ್ಲಿಯೇ. ಪಂಪಿನ ಹೊರಬಾಯಿಯ ವಾಲ್ವನ್ನು ಪೂರ್ತಿ ತೆರೆದರೆ ಕಾಳು ಡಬ್ಬದ ತಳದ ಜಾಲರಿಯ ಮೇಲೆ ಒತ್ತಿ ಕೂತು ಹರಿವು ಕಟ್ಟುತ್ತದೆ, ಹರಿವು ಕಟ್ಟಿದ ಕೊಳವೆಯಲ್ಲಿ ಹೀಟರ್ ಉರಿಯುತ್ತಿದ್ದರೆ ದ್ರವ ತಳಹಿಡಿದು ಇಡೀ ಬಿಯರಿಗೆ ಸುಟ್ಟ ವಾಸನೆ ಬರುತ್ತದೆ. ಹರಿವು ನಿಂತ ಕೂಡಲೇ ಹೀಟರಿನ ವಿದ್ಯುತ್ ಕಡಿಯುವ ಫ್ಲೋ ಸ್ವಿಚ್ಚನ್ನು ನಾನು ಐಚ್ಛಿಕವೆಂದು ಎಣಿಸುವುದಿಲ್ಲ.

ಇನ್ನು 63ಕ್ಕೆ ನಿಲ್ಲುವ ವಿಷಯ. ಲೀಟರ್ ಮತ್ತು ಕಿಲೋ ಲೆಕ್ಕದಲ್ಲಿ, 0.41ನ್ನು ನೀರು ಮತ್ತು ಕಾಳಿನ ಅನುಪಾತದಿಂದ ಭಾಗಿಸಿ, ಗುರಿಗೂ ಕಾಳಿನ ಉಷ್ಣಾಂಶಕ್ಕೂ ಇರುವ ಅಂತರದಿಂದ ಗುಣಿಸಿ, ಬಂದದ್ದನ್ನು ಗುರಿಗೆ ಕೂಡಿಸಿದರೆ ನೀರು ಎಷ್ಟು ಬಿಸಿಯಿರಬೇಕೆಂದು ಸಿಗುತ್ತದೆ. ನಿಮ್ಮ ಅನುಪಾತ 3. ಕಾಳು 20 ಡಿಗ್ರಿಯಲ್ಲಿದ್ದರೆ ನೀರು 72.3, ತಣ್ಣನೆಯ ಗ್ಯಾರೇಜಿನಲ್ಲಿ ಇಟ್ಟು 10ಕ್ಕೆ ಇಳಿದಿದ್ದರೆ 73.7 ಇರಬೇಕು. ಈ ಲೆಕ್ಕದಲ್ಲಿ ಡಬ್ಬ ಹೀರುವ ಶಾಖ ಸೇರಿಲ್ಲ; ಹಾಗಾಗಿ ಮೊದಲೇ ಕುದಿನೀರು ಸುರಿದು, ಹತ್ತು ನಿಮಿಷ ಮುಚ್ಚಿಟ್ಟು, ಚೆಲ್ಲಿ, ಆಮೇಲೆ ಮ್ಯಾಶ್ ಶುರುಮಾಡಿ.

ಉತ್ತರ, ಲೀಡ್ಸ್‌ನಿಂದ: ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಇಷ್ಟು ಯಂತ್ರಸಾಮಗ್ರಿ ಬೇಕೇ ಎಂಬುದು ನನ್ನ ಸಂದೇಹ. ಬಿಸಿಮಾಡಿಕೊಂಡ ಕೂಲರ್ ಡಬ್ಬ ಗಂಟೆಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ಕಳೆದುಕೊಳ್ಳುವುದು ವಿರಳ. ಮೇಲಿನ ಖಾಲಿ ಜಾಗವನ್ನು ಫಾಯಿಲ್ ಹಾಳೆಯಿಂದ ಮುಚ್ಚಿ, ಡಬ್ಬಕ್ಕೆ ಹಳೆಯ ರಜಾಯಿ ಸುತ್ತಿದರೆ ಅಷ್ಟೂ ಇಳಿಯುವುದಿಲ್ಲ. 63ಕ್ಕೆ ನಿಂತಾಗ ಕುದಿನೀರು ಸೇರಿಸಿ ಕಲಕುವುದೇ ಸುಲಭ. ನಿಮ್ಮ ಪ್ರಮಾಣಕ್ಕೆ ಸಮುದ್ರಮಟ್ಟದಲ್ಲಿ ಒಂದೂವರೆ ಲೀಟರ್ ಸಾಕು. ಡೆನ್ವರ್‌ನಲ್ಲಿ ನೀರು ಸುಮಾರು 95ಕ್ಕೇ ಕುದಿಯುವುದರಿಂದ ಒಂದೂಮುಕ್ಕಾಲು ಲೀಟರ್ ಬೇಕಾದೀತು. ಒಮ್ಮೆಗೇ ಸುರಿಯದೆ, ಮರದ ಸೌಟಿನಿಂದ ತಳ ಮುಟ್ಟುವಂತೆ ಕಲಕುತ್ತ ಸುರಿಯಿರಿ. ಹಿಟ್ಟಿನ ಗಂಟುಗಳಿದ್ದರೆ ಒಡೆದುನೋಡಿ: ಹೊರಗೆ ಒದ್ದೆಯಿದ್ದರೂ ಒಳಗೆ ಬಿಳಿಯ ಒಣಪುಡಿ ಹಾಗೇ ಇರುತ್ತದೆ, ಎಷ್ಟು ಕರಾರುವಾಕ್ಕಾದ ಉಷ್ಣಾಂಶವೂ ಅದನ್ನು ತಲುಪದು.

ಇನ್ನೊಂದು ಮಾತು. ಈಗಿನ ಮಾಲ್ಟಿನಲ್ಲಿ ಕಿಣ್ವಗಳು ಸಾಕಷ್ಟಿರುವುದರಿಂದ ಪಿಷ್ಟದ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಒಡೆದಿರುತ್ತದೆ. ಮೊಳಕೆ ರಾಗಿಯ ಸರಿ ನೋಡನೋಡುತ್ತ ತೆಳುವಾಗುವಂತೆ ಮ್ಯಾಶೂ ತೆಳುವಾಗುವುದು ಸೌಟಿಗೇ ತಿಳಿಯುತ್ತದೆ. ಬಿಳಿ ತಟ್ಟೆಯ ಮೇಲೆ ಒಂದು ತೊಟ್ಟು ದ್ರವಕ್ಕೆ ಅಯೋಡಿನ್ ಬಿಟ್ಟಾಗ ಕಪ್ಪುನೀಲಿ ಬಂದರೆ ಇನ್ನೂ ಕಾಯಬೇಕು. ಕಂದುಬಣ್ಣವೇ ಉಳಿದರೆ ಆಮೇಲಿನ ಒಂದು ಡಿಗ್ರಿ ಇಳಿತಕ್ಕೆ ತಲೆಕೆಡಿಸಿಕೊಳ್ಳಬೇಡಿ. ಪರೀಕ್ಷಿಸಿದ ತೊಟ್ಟನ್ನು ಮಾತ್ರ ಚೆಲ್ಲಿಬಿಡಿ.

ಉತ್ತರ, ಮಿನಿಯಾಪೊಲಿಸ್‌ನಿಂದ: ಲೀಡ್ಸ್‌ನವರ ಮಾತು 66ರ ಒಂದೇ ಹಂತದ ಮ್ಯಾಶಿಗೆ ಸರಿ. 63ರಲ್ಲಿ ಒಮ್ಮೆ, 72ರಲ್ಲಿ ಇನ್ನೊಮ್ಮೆ ನಿಲ್ಲಿಸಿ ಕೊನೆಗೆ 76ಕ್ಕೆ ಏರಿಸುವ ಜರ್ಮನ್ ಬಗೆಯ ಲಾಗರ್ ಬಿಯರಿಗೆ, ಪ್ರತಿ ಹಂತಕ್ಕೂ ಕುದಿನೀರು ಸುರಿಯುತ್ತ ಹೋದರೆ ಡಬ್ಬ ತುಂಬಿ ಮ್ಯಾಶ್ ನೀರುನೀರಾಗುತ್ತದೆ. ಅಲ್ಲಿ ಹೀಟರ್ ಬೇಕೇ ಬೇಕು. ಯಾವ ವಿಧಾನವಾದರೂ, ಥರ್ಮಾಮೀಟರನ್ನು ಮೊದಲು ಪುಡಿ ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತದೆಯೇ ನೋಡಿಕೊಳ್ಳಿ. ಕುದಿನೀರಿನಲ್ಲಿ ಪರೀಕ್ಷಿಸುವಾಗ ನಿಮ್ಮ ಊರಿನಲ್ಲಿ ಅದು 100 ತೋರಿಸಿದರೆ ಐದು ಡಿಗ್ರಿ ಹೆಚ್ಚು ಹೇಳುತ್ತಿದೆ ಎಂದರ್ಥ.