ಬೇಲ್ ಆಗಿದೆ, ಶ್ಯೂರಿಟಿ ಸಿಗುತ್ತಿಲ್ಲ. ದಾರಿ ಇದೆಯಾ?

ಕೇಳಿದವರು, ಯಾದಗಿರಿ ಕಡೆಯಿಂದ:
ನನ್ನ ತಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಸೈಟಿನಲ್ಲಿ ಕಬ್ಬಿಣ ಕಳುವಾಯಿತು ಅಂತ ಅವನ ಮೇಲೆ ಕೇಸ್ ಹಾಕಿದರು. ಬೇಲ್ ಸಿಕ್ಕಿ ತಿಂಗಳು ದಾಟಿತು, ಅವನು ಇನ್ನೂ ಜೈಲಿನಲ್ಲೇ ಇದ್ದಾನೆ. ತಲಾ 50,000 ರೂಪಾಯಿಗೆ ಇಬ್ಬರು ಜಾಮೀನುದಾರರು ಬೇಕು, ಅವರು ಬೆಂಗಳೂರಿನವರೇ ಆಗಿರಬೇಕು ಅಂತ ಆದೇಶದಲ್ಲಿದೆ. ಆ ಊರಲ್ಲಿ ನಮಗೆ ಯಾರೂ ಗೊತ್ತಿಲ್ಲ. ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಹಾವೇರಿಯಿಂದ:
ಅಕ್ಕಾ, ಧೈರ್ಯವಾಗಿರಿ. ನಮ್ಮ ಚಿಕ್ಕಪ್ಪನ ಮಗನಿಗೂ ಹೀಗೇ ಆಗಿತ್ತು. ಷರತ್ತು ಸಡಿಲಿಸಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಇದನ್ನು ನಮಗೆ ಹೇಳಿಕೊಟ್ಟವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಜೈಲಿನಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ, 1987ರ ಕಾಯ್ದೆಯೇ ಹಾಗೆ ಹೇಳುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಅರ್ಜಿಯಲ್ಲಿ ಒಂದು ಆದೇಶವನ್ನು ತಪ್ಪದೆ ಬರೆಸಿ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ನಿರ್ದೇಶನ ಕೊಟ್ಟಿದೆ. ಬೇಲ್ ಸಿಕ್ಕು ಒಂದು ತಿಂಗಳಾದರೂ ಬಾಂಡ್, ಅಂದರೆ ತಪ್ಪದೆ ಕೋರ್ಟಿಗೆ ಬರುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ, ಕೊಡಲು ಆಗದಿದ್ದರೆ, ಷರತ್ತು ಬದಲಿಸಬೇಕಾ ಅಂತ ಕೋರ್ಟೇ ತಾನಾಗಿ ನೋಡಬಹುದು. ಸ್ಥಳೀಯ ಜಾಮೀನುದಾರರೇ ಬೇಕು ಅನ್ನುವುದರಿಂದಲೇ ಬಿಡುಗಡೆ ತಡವಾಗುತ್ತಿದೆ, ಅಂಥ ಕೇಸುಗಳಲ್ಲಿ ಆ ಷರತ್ತು ಬೇಡ ಅಂತಲೂ ಅದರಲ್ಲಿದೆ. ನಿಮ್ಮ ತಮ್ಮನ ಕಥೆಯೇ ಇದು, ಅಲ್ವಾ? ಹೊರಗೆ ಬಂದು ಜಾಮೀನು ಹೊಂದಿಸಿಕೊಳ್ಳುತ್ತೇನೆ ಅಂದರೆ ಸ್ವಲ್ಪ ದಿನಕ್ಕೆ ತಾತ್ಕಾಲಿಕ ಬೇಲ್ ಕೂಡ ಕೊಡಬಹುದು. ಬೇಲ್ ಆಗಿ 7 ದಿನವಾದರೂ ಬಿಡುಗಡೆಯಾಗದವರ ವಿಷಯವನ್ನು ಜೈಲಿನ ಸೂಪರಿಂಟೆಂಡೆಂಟ್ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಳಿಸಿದ್ದಾರಾ ಅಂತ ಪ್ರಾಧಿಕಾರದ ಕಚೇರಿಯಲ್ಲೇ ಕೇಳಿ.

ಕಲಬುರಗಿಯಿಂದ, ವಕೀಲರ ಬಳಿ ಗುಮಾಸ್ತ:
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಹಳೆಯ ತೀರ್ಪನ್ನೂ ಸೇರಿಸಿ: 1978ರ ಮೋತಿರಾಮ್ ಕೇಸ್, ಮಧ್ಯಪ್ರದೇಶದ್ದು. ಮೋತಿರಾಮ್ ಕೂಡ ಗಾರೆ ಕೆಲಸದವರೇ. ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಜಾಮೀನು ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬರು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಪ್ಪು ಅಂದರು, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಅಂದರು. ಅಷ್ಟು ಹಿಂದೆಯೇ ತೀರ್ಮಾನವಾದ ಮಾತಿಗೆ ಇವತ್ತೂ ಬಡವರು ಜೈಲಿನಲ್ಲಿ ಕೊಳೆಯಬೇಕಾ? 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ ಇದ್ದವರಲ್ಲಿ ಸುಮಾರು 76% ಜನ ವಿಚಾರಣಾಧೀನ ಕೈದಿಗಳು. ಅಪರಾಧ ಸಾಬೀತಾಗದವರು ಇವರೆಲ್ಲ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೈಸೂರಿನಿಂದ:
ಕೋರ್ಟಿನ ಹೊರಗೆ ‘ದುಡ್ಡು ಕೊಡಿ, ಜಾಮೀನುದಾರರನ್ನು ನಾವು ತರ್ತೀವಿ’ ಅನ್ನುವವರು ಸಿಗುತ್ತಾರೆ. ದಯವಿಟ್ಟು ಅವರ ಹತ್ತಿರ ಹೋಗಬೇಡಿ. ದಾಖಲೆ ನಕಲಿ ಅಂತ ಗೊತ್ತಾದರೆ ಬೇಲ್ ರದ್ದಾಗಬಹುದು, ಹೊಸ ಕೇಸೂ ಬೀಳಬಹುದು.

ರಾಯಚೂರಿನಿಂದ:
ಷರತ್ತು ಸಡಿಲವಾದ ಮೇಲೆ ಊರಿನವರನ್ನೇ ಕೇಳಿ. ನಮ್ಮ ಮಾವನಿಗೆ ಪಕ್ಕದ ಹೊಲದವರು ನಿಂತರು. ಅವರ ಹೆಸರಿನ ಹೊಸ ಪಹಣಿ, ಆಧಾರ್, ಫೋಟೋ ತೆಗೆದುಕೊಂಡು ಹೋಗಿದ್ದೆವು. ಇನ್ನೇನು ಬೇಕು ಅಂತ ಹೊರಡುವ ಮುಂಚೆ ವಕೀಲರನ್ನು ಕೇಳಿ, ಸುಮ್ನೆ ಎರಡು ಸಲ ಬೆಂಗಳೂರಿಗೆ ಅಲೆಯುವುದು ಬೇಡ.

ಜನಕ್ಕೆ ಭಯ ಇರುವುದು ಹೊಲ ಹೋಗುತ್ತದೆ ಅಂತ. ಅದನ್ನು ಮುಚ್ಚಿಡಬೇಡಿ, ಕೂತು ಬಿಡಿಸಿ ಹೇಳಿ. ಸಹಿ ಹಾಕಿದ ಕೂಡಲೇ ಯಾರೂ ದುಡ್ಡು ಕಟ್ಟಬೇಕಾಗಿಲ್ಲ. ಆರೋಪಿ ಕೋರ್ಟಿಗೆ ಬರದೆ ತಪ್ಪಿಸಿಕೊಂಡರೆ ಮಾತ್ರ ಆ ಬಾಂಡಿನ ಮೊತ್ತಕ್ಕೆ ಅವರು ಜವಾಬ್ದಾರರು. ಹಾಗಾಗಿ ಪ್ರತಿ ತಾರೀಖಿಗೂ ತಮ್ಮನನ್ನು ಕಳಿಸುವುದು ನಿಮ್ಮ ಕೆಲಸ. ಬೆಂಗಳೂರಿಗೆ ಬಸ್ ಖರ್ಚು ಜಾಸ್ತಿ, ಕೂಲಿಯೂ ಹೋಗುತ್ತದೆ, ಗೊತ್ತು. ಹಾಜರಾಗಲು ಆಗದ ದಿನ ಇದ್ದರೆ ಮೊದಲೇ ವಕೀಲರಿಗೆ ತಿಳಿಸಿ, ಆ ದಿನದ ಮಟ್ಟಿಗೆ ಹಾಜರಾತಿಗೆ ವಿನಾಯಿತಿ ಕೇಳುತ್ತಾರೆ.