ಸಹಾಯ ಬೇಕು: ಹಗುರ ಡೆಸ್ಕ್‌ಟಾಪ್‌ಗೆ ಪುಟ್ಟ ಪಾಸ್‌ವರ್ಡ್ ಕೀರಿಂಗ್

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಾವು ಕೆಲವರು ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್, ಅದರ ಮೇಲೆ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿಕೊಡುತ್ತೇವೆ. ವೈಫೈ, ಮೇಲ್ ಪಾಸ್‌ವರ್ಡ್ ಕಾಪಾಡಲು ಸದ್ಯ ಗ್ನೋಮ್ ಕೀರಿಂಗ್ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪ್ರೋಗ್ರಾಂ) ಇದೆ. ಅದರ ಬದಲು ಎಲ್‌ಎಕ್ಸ್‌ಕ್ಯೂಟಿಗೆ ಆಧಾರವಾದ ಕ್ಯೂಟಿ ಲೈಬ್ರರಿಯಲ್ಲೇ ಚಿಕ್ಕದೊಂದು ಟೂಲ್ ಬರೆಯುವ ಆಸೆ.

ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಮೇಲಿನ ಸೀಕ್ರೆಟ್ ಸರ್ವಿಸ್ ಎಪಿಐಯನ್ನೇ, ಅಂದರೆ ಆಪ್‌ಗಳು ಪಾಸ್‌ವರ್ಡ್ ಇಡಲು, ಕೇಳಲು ಬಳಸುವ ಸಾಮಾನ್ಯ ಕ್ರಮವನ್ನೇ ಪಾಲಿಸುತ್ತೇವೆ. ಹಾಗಾದರೆ ಈ ಎಪಿಐಗೆಂದೇ ಇರುವ ಲಿಬ್‌ಸೀಕ್ರೆಟ್ ಲೈಬ್ರರಿ ಬಳಸುವ ಆಪ್‌ಗಳನ್ನು ಮುಟ್ಟಬೇಕಾಗಿಲ್ಲ. ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಕೂಡ ಈ ಎಪಿಐ ಕೊಡುತ್ತದೆ, ಆದರೆ ನಮ್ಮ ಬಳಕೆಗೆ ಅದು ಜಾಸ್ತಿ ದೊಡ್ಡದು.

ತೊಡಕಿರುವುದು ಲಾಗಿನ್‌ನಲ್ಲಿ. ಪ್ಯಾಮ್ (ಲಿನಕ್ಸ್‌ನಲ್ಲಿ ಲಾಗಿನ್ ಪರೀಕ್ಷಿಸುವ ವ್ಯವಸ್ಥೆ) ಮಾಡ್ಯೂಲ್ ಇದ್ದರೆ ಲಾಗಿನ್ ಪಾಸ್‌ವರ್ಡಿನಿಂದಲೇ ಕೀರಿಂಗ್ ತೆರೆಯಬಹುದು. ಆಟೋ ಲಾಗಿನ್ ಇಟ್ಟರೆ ಆ ಪಾಸ್‌ವರ್ಡೇ ಕೈಗೆ ಸಿಗುವುದಿಲ್ಲ. ಆಗ ಪ್ರತಿ ಸಲ ಕೇಳುವುದಾ? ಕೀರಿಂಗಿಗೆ ಖಾಲಿ ಪಾಸ್‌ವರ್ಡ್ ಇಡಲು ನನಗೆ ಸುತಾರಾಂ ಮನಸ್ಸಿಲ್ಲ. ಅಂಗಡಿಯ ಕಂಪ್ಯೂಟರನ್ನು ನಾಲ್ಕಾರು ಜನ ಮುಟ್ಟುತ್ತಾರೆ ಅಲ್ವಾ? ಇನ್ನೊಂದು: ಮರೆತ ಲಾಗಿನ್ ಪಾಸ್‌ವರ್ಡನ್ನು ರೂಟ್ (ಅಡ್ಮಿನ್) ಖಾತೆಯಿಂದ ಬದಲಿಸಿದರೆ ಕೀರಿಂಗ್ ಹಳೆಯದಕ್ಕೇ ಅಂಟಿಕೊಂಡಿರುತ್ತದೆ. ಬಳಸುವವರಿಗೆ ಇದನ್ನು ಸರಳವಾಗಿ ಹೇಗೆ ತಿಳಿಸುವುದು?

ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಅದಕ್ಕೇ ಪಾಸ್‌ವರ್ಡ್ ಫೈಲ್ ಅರ್ಧಕ್ಕೆ ಕೆಡದಂತೆ ಮೊದಲು ಬೇರೆ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಪೂರ್ತಿ ಸೇರಿಸಿ), ಆಮೇಲೆ ಹಳೆಯದರ ಹೆಸರಿಗೆ ರಿನೇಮ್ ಮಾಡುವ ಯೋಜನೆ. ಫೈಲಿಗೆ ಬೀಗ ಹಾಕುವ ಕೀಯನ್ನು ಪಾಸ್‌ವರ್ಡಿನಿಂದ ತಯಾರಿಸಲು ಆರ್ಗಾನ್2 (ಬೇಕೆಂದೇ ಹೆಚ್ಚು ಮೆಮೊರಿ ತಿನ್ನುವ ವಿಧಾನ). ಹಳೆಯ ಮಶೀನಿನಲ್ಲಿ ಅದಕ್ಕೆ ಎಷ್ಟು ಮೆಮೊರಿ ಕೊಡಬಹುದು?

ಪ್ಯಾಮ್ ಅಥವಾ ಕ್ಯೂಟಿ ಡಿ-ಬಸ್‌ನಲ್ಲಿ ಕೈಯಾಡಿಸಿದವರು ದಯವಿಟ್ಟು ಹೇಳಿ. ಕುಮಟಾ, ಕಾರವಾರ ಕಡೆಯವರಿದ್ದರೆ ನಾವೇ ಘಟ್ಟ ಇಳಿದು ಬರುತ್ತೇವೆ. ಕೋಡ್ ಇನ್ನೂ ಶುರುವಾಗಿಲ್ಲ, ಹಾಗಾಗಿ ಬುಡದಿಂದ ಬದಲಿಸಿ ಅಂದರೂ ಸರಿ.