ವಾರ್ಡ್‌ರೋಬ್, ಬೀಡಿಂಗ್, ಗೋಡೆ ಪ್ಯಾನೆಲ್: ಯಾವ ನೇಲ್ ಗನ್ ತಗೋಬೇಕು?

ಮಲೆನಾಡ ಮನೆ:
ಎಲ್ಲರಿಗೂ ನಮಸ್ಕಾರ. ಮನೇಲಿ ಮೂರು ಕೆಲಸ ಇವೆ. 18 ಎಂಎಂ ಪ್ಲೈನಲ್ಲಿ ವಾರ್ಡ್‌ರೋಬ್, ಅದರ ಹಿಂಬದಿಗೆ 6 ಎಂಎಂ ಶೀಟು. ಅಂಚಿಗೆಲ್ಲ ತೇಗದ ಬೀಡಿಂಗ್, ಅಂದರೆ ತೆಳು ಪಟ್ಟಿ. ಆಮೇಲೆ ಹಾಲ್‌ನ ಒಂದು ಗೋಡೆಗೆ ರೀಪು ಕೂರಿಸಿ ಪ್ಯಾನೆಲ್. ಅಂಗಡೀಲಿ ಎಫ್30, ಎಫ್50, ಟಿ50, ಎಸ್‌ಟಿ64 ಅಂತ ನಾಲ್ಕು ಥರ ತೋರಿಸ್ತಾರೆ. ಒಂದೇ ಗನ್ನಲ್ಲಿ ಎಲ್ಲ ಮುಗಿಯುತ್ತಾ? ಗನ್ನಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಬೇಕೇ ಬೇಕಾ, ಬ್ಯಾಟರಿದು ಸಾಕಾ? ನಮ್ಮಲ್ಲಿ ಕರೆಂಟು ಆಗಾಗ ಹೋಗುತ್ತೆ, ಇನ್ವರ್ಟರ್ ಇದೆ.

ಉಳಿ ಬಾಚಿ:
ಸರ್, ಮೊದಲು ಹೆಸರು ಬಿಡಿಸಿಕೊಳ್ಳಿ. ಅಕ್ಷರ ಮೊಳೆಯ ಜಾತಿ, ಅಂಕಿ ಆ ಗನ್ನಿಗೆ ಹಿಡಿಸುವ ಅತಿ ಉದ್ದದ ಮೊಳೆ. ಎಫ್ ಅಂದರೆ 18 ಗೇಜಿನ ಸಣ್ಣ ಮೊಳೆ (ಗೇಜು ದಪ್ಪದ ಅಳತೆ, ಅಂಕಿ ಕಡಿಮೆಯಾದಷ್ಟೂ ಮೊಳೆ ದಪ್ಪ). ಎಫ್30 ಗನ್ನಿಗೆ 10ರಿಂದ 30 ಎಂಎಂ ಉದ್ದದವು ಹೋಗುತ್ತವೆ, ಎಫ್50ಗೆ 50 ಎಂಎಂವರೆಗೆ. ಟಿ50 ಅಂದರೆ 16 ಗೇಜು, ದಪ್ಪ ಮೊಳೆ. ಬಾಗಿಲ ಚೌಕಟ್ಟಿನ ಸುತ್ತ ಹೊಡೆಯುವ 18–20 ಎಂಎಂ ದಪ್ಪದ ಪಟ್ಟಿಗೆ ಅದು ಸರಿ. ಸಣ್ಣ ಬೀಡಿಂಗಿಗೆ ಹೊಡೆದರೆ ಪಟ್ಟಿ ಸೀಳುತ್ತೆ, ತೂತೂ ಎದ್ದು ಕಾಣುತ್ತೆ. ಎಸ್‌ಟಿ64 ಕಾಂಕ್ರೀಟಿಗೆ ಹೊಡೆಯುವ ಗಟ್ಟಿ ಉಕ್ಕಿನ ಮೊಳೆಯದು.

ನಿಮ್ಮ ಪಟ್ಟಿಗೆ ಎಫ್50 ಒಂದು ತಗೊಳ್ಳಿ. ವಾರ್ಡ್‌ರೋಬ್ ಇಲ್ಲದೆ ಬರೀ ಬೀಡಿಂಗ್, ಹಿಂಬದಿ ಶೀಟು ಅಂದಿದ್ದರೆ ಹಗುರವಾದ ಎಫ್30 ಸಾಕು ಅಂತಿದ್ದೆ. ಅಂಗಡೀಲಿ ಕೊಳ್ಳುವ ಮುಂಚೆ ಆ ಎಫ್50 ಗನ್ನಿಗೆ 20 ಎಂಎಂ ಮೊಳೆಯೂ ಹಿಡಿಸುತ್ತಾ ಕೇಳಿ.

ಉದ್ದದ ಲೆಕ್ಕ: ಮೇಲಿನ ತುಂಡಿನ ದಪ್ಪದ ಎರಡೂವರೆಯಿಂದ ಮೂರು ಪಟ್ಟು. 18 ಎಂಎಂ ಪ್ಲೈ ಜೋಡಣೆಗೆ 50 ಎಂಎಂ, 8 ಎಂಎಂ ಬೀಡಿಂಗಿಗೆ 25, 6 ಎಂಎಂ ಶೀಟಿಗೆ 20. ಪೆಟ್ಟಿಗೆಗೆ 5000 ಮೊಳೆ ಬರುತ್ತೆ, ಒಂದೊಂದು ಅಳತೆಗೆ ಒಂದು ಪೆಟ್ಟಿಗೆ ಧಾರಾಳ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: 18 ಗೇಜಿನ ಮೊಳೆ ಭಾರ ಹೊರುವುದಿಲ್ಲ. ಅಂಟು ಒಣಗುವವರೆಗೆ ತುಂಡು ಅಲುಗದಂತೆ ಹಿಡಿಯುವುದಷ್ಟೇ ಅದರ ಕೆಲಸ. ವಾರ್ಡ್‌ರೋಬ್ ಪೆಟ್ಟಿಗೆಗೆ ಫೆವಿಕಾಲ್ ಹಚ್ಚಿ, 15 ಸೆಂ.ಮೀ.ಗೊಂದು ಮೊಳೆ ಹೊಡೆದು, ಆಮೇಲೆ 3 ಎಂಎಂ ಡ್ರಿಲ್ ಬಿಟ್ಟಿನಿಂದ ತೂತು ಕೊರೆದು 25–30 ಸೆಂ.ಮೀ.ಗೊಂದು 4×50 (4 ಎಂಎಂ ದಪ್ಪ, 50 ಎಂಎಂ ಉದ್ದದ) ಸ್ಕ್ರೂ ಬಿಗಿಯಬೇಕು. ಸ್ಕ್ರೂ ಬಿಟ್ಟರೆ ಬಟ್ಟೆ ತುಂಬಿದ ಮೇಲೆ ಮೂಲೆ ಬಾಯಿ ಬಿಡುತ್ತೆ. ಹಿಂಬದಿ ಶೀಟು ಹೊಡೆಯುವ ಮುಂಚೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡರ ನಡುವೆ 2 ಎಂಎಂಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮೊದಲು ತಳ್ಳಿ ಸರಿಮಾಡಿ. ಶೀಟು ಬಿದ್ದ ಮೇಲೆ ಪೆಟ್ಟಿಗೆ ಹೇಗಿದೆಯೋ ಹಾಗೇ ನಿಲ್ಲುತ್ತೆ, ಬಾಗಿಲು ಕೂರಿಸುವಾಗ ಗೊತ್ತಾಗುತ್ತೆ.

ಗಾಳಿಪೈಪು:
ಕಂಪ್ರೆಸರ್ ಬಗ್ಗೆ. ಈ ಗನ್ನುಗಳು ಗಾಳಿ ಕುಡಿಯುವುದು ಕಡಿಮೆ. 1 ಎಚ್‌ಪಿ ಮೋಟಾರು, 24 ಲೀಟರ್ ಟ್ಯಾಂಕು ಸಾಕು.

ಇನ್ವರ್ಟರ್‌ಗೆ ಮಾತ್ರ ಹಾಕಬೇಡಿ ಸರ್. 1 ಎಚ್‌ಪಿ ಅಂದರೆ ಓಡುವಾಗ ಸುಮಾರು 750 ವ್ಯಾಟು, ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತೆ. ಮನೆಯ 900 ವಿಎ ಇನ್ವರ್ಟರ್ ಟ್ರಿಪ್ ಆಗುತ್ತೆ. ಕರೆಂಟ್ ಇದ್ದಾಗ ಟ್ಯಾಂಕನ್ನು 8 ಬಾರ್‌ಗೆ ತುಂಬಿಸಿಡಿ, ಹೋದ ಮೇಲೂ ಹತ್ತಾರು ಮೊಳೆ ಹೊಡೆಯಬಹುದು. ದೂರ ಹೋಗಬೇಕಾದರೆ ಕರೆಂಟಿನ ವೈರು ಉದ್ದ ಮಾಡಬೇಡಿ, ಗಾಳಿ ಪೈಪು ಉದ್ದ ಮಾಡಿ. ಸಣ್ಣ ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರು ತಿರುಗದೆ ಗುಂಯ್‌ಗುಡುತ್ತೆ, ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತೆ.

ಟ್ಯಾಂಕಿನದಲ್ಲ, ರೆಗ್ಯುಲೇಟರಿನಿಂದ ಗನ್ನಿಗೆ ಹೋಗುವ ಒತ್ತಡವನ್ನು 70 ಪಿಎಸ್‌ಐನಿಂದ ಶುರುಮಾಡಿ. ಅದೇ ಪ್ಲೈನ ಚೂರಿಗೆ ಹೊಡೆದು ನೋಡಿ, ಐದೈದು ಏರಿಸುತ್ತಾ ಹೋಗಿ. ಮೊಳೆ ತಲೆ 1 ಎಂಎಂ ಒಳಗೆ ಕೂತರೆ ಪುಟ್ಟಿಗೆ ಸರಿ. 6 ಎಂಎಂ ಶೀಟಿಗೆ ಬರುವಾಗ ಇಳಿಸಿಕೊಳ್ಳಿ, ಇಲ್ಲದಿದ್ದರೆ ತಲೆ ಶೀಟನ್ನೇ ತೂರಿ ಹೋಗುತ್ತೆ. ಅದೆಷ್ಟೇ ಅವಸರ ಇದ್ದರೂ 100 ದಾಟಿಸಬೇಡಿ.

ಬ್ಯಾಟರಿದು: ಒಳ್ಳೆ ಕಂಪನಿಯ 18 ವೋಲ್ಟ್ ಗನ್ 50 ಎಂಎಂ ಮೊಳೆಯನ್ನೂ ಪ್ಲೈಗೆ ಇಳಿಸುತ್ತೆ. ಆದರೆ ಕೈಗೆ ಭಾರ, ಬೆಲೆಯೂ ಜಾಸ್ತಿ. ಅದೇ ಕಂಪನಿಯ ಡ್ರಿಲ್, ಬ್ಯಾಟರಿ ಆಗಲೇ ಮನೆಯಲ್ಲಿದ್ದರೆ ಯೋಚನೆ ಮಾಡಿ. ಪ್ಲಗ್ಗಿಗೆ ಹಾಕುವ ಅಗ್ಗದ ಎಲೆಕ್ಟ್ರಿಕ್ ಗನ್ ಬೇಡ. ತೇಗಕ್ಕೆ ಹೊಡೆದರೆ ಮೊಳೆ ಅರ್ಧಕ್ಕೆ ನಿಲ್ಲುತ್ತೆ, ಸುತ್ತಿಗೆಯಲ್ಲಿ ಬಡಿಯಹೋದರೆ ಬಾಗುತ್ತೆ.

ಮುರಕಲ್ಲು:
ಗೋಡೆ ಕೆಲಸಕ್ಕೆ ಅಂತ ಎಸ್‌ಟಿ64 ಕೊಳ್ಳಬೇಡಿ. ಅದು ನಿಜಕ್ಕೂ ಹಿಡಿಯುವುದು ಗಟ್ಟಿ ಕಾಂಕ್ರೀಟಿನಲ್ಲಿ, ಅಂದರೆ ತೊಲೆ, ಕಂಬ, ಛಾವಣಿಯಲ್ಲಿ. ಟೊಳ್ಳು ಬ್ಲಾಕಿನಲ್ಲಿ ಚಿಪ್ಪು ಒಡೆಯುತ್ತೆ, ಹಗುರ ಎಎಸಿ ಬ್ಲಾಕಿನಲ್ಲಿ ಮೊಳೆ ಕೈಯಲ್ಲೇ ಕಿತ್ತು ಬರುತ್ತೆ, ಮುರಕಲ್ಲಿನಲ್ಲಿ ಸುತ್ತಲಿನ ಕಲ್ಲು ಪುಡಿಯಾಗುತ್ತೆ. ರೀಪು ಕೂರಿಸಲು ಗೋಡೆಗೆ 8 ಎಂಎಂ ತೂತು, ಪ್ಲಗ್ಗು, ಸ್ಕ್ರೂ, 45–60 ಸೆಂ.ಮೀ. ಅಂತರ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕರೆಂಟಿನ ವೈರಿನ ಒಳಪೈಪು ಓಡಿರುತ್ತೆ, ಅಲ್ಲಿ ಕೊರೆಯಲೇಬೇಡಿ. ರೀಪಿನ ಮೇಲೆ ಪ್ಯಾನೆಲ್ ಕೂರಿಸುವಾಗ ನಿಮ್ಮ ಎಫ್ ಮೊಳೆ ಬಳಸಿ. ಮಳೆ ಜಾಸ್ತಿ ಇರುವ ಕಡೆ ಗ್ಯಾಲ್ವನೈಸ್ ಆದ ಮೊಳೆಯನ್ನೇ ಕೇಳಿ ತಗೊಳ್ಳಿ, ತುಕ್ಕಿನ ಕಲೆ ಬಣ್ಣದ ಮೇಲೂ ಬರುತ್ತೆ. ಕಂಪ್ರೆಸರ್ ಟ್ಯಾಂಕಿನ ತಳದ ತಿರುಪು ಬಿಚ್ಚಿ ದಿನಾ ನೀರು ಬಸಿಯಿರಿ.

ಮಲೆನಾಡ ಮನೆ:
ತುಂಬಾ ಉಪಕಾರವಾಯ್ತು. ಇನ್ನೊಂದು ಕೇಳ್ತೀನಿ. ಪ್ಲೈ ಅಂಚಿಗೆ ಹೊಡೆದಾಗ ಮೊಳೆ ಪಕ್ಕದಿಂದ ಹೊರಗೆ ಬರುತ್ತೆ ಅಂತಾರಲ್ಲ, ಅದಕ್ಕೇನು ಮಾಡೋದು? ಮೊಳೆ ಒಳಗೇ ಸಿಕ್ಕಿಕೊಂಡರೆ?

ಉಳಿ ಬಾಚಿ:
ಮೊಳೆಯ ತುದಿ ಉಳಿಯ ಬಾಯಿಯಂತೆ ಚಪ್ಪಟೆ ಇರುತ್ತೆ. ಗಂಟೋ ಗಟ್ಟಿ ಪದರವೋ ಸಿಕ್ಕರೆ ಗನ್ನಿನ ಎಡಕ್ಕೋ ಬಲಕ್ಕೋ ಜಾರುತ್ತೆ. ಹಾಗಾಗಿ ಮೊಳೆ ತುಂಬುವ ಮ್ಯಾಗಝೀನ್ ಅಂಚಿನ ಉದ್ದಕ್ಕೆ ಅಡ್ಡವಾಗಿರುವಂತೆ ಗನ್ ಹಿಡಿಯಿರಿ. ಆಗ ಮೊಳೆ ಸೊಟ್ಟಗಾದರೂ ಪ್ಲೈನ ಒಳಗೇ ಉದ್ದಕ್ಕೆ ಓಡುತ್ತೆ, ಮುಖದಿಂದ ಇಣುಕುವುದಿಲ್ಲ. ತುಂಡು ಹಿಡಿದ ಕೈ ಮೂತಿಯಿಂದ 10 ಸೆಂ.ಮೀ.ಗಿಂತ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲೇಬೇಕು. ಅಗ್ಗದ ಗನ್ನುಗಳಲ್ಲಿ ಕೆಲವಕ್ಕೆ ಮೂತಿಯಲ್ಲಿ ಸೇಫ್ಟಿ ಇರುವುದಿಲ್ಲ, ಮರಕ್ಕೆ ಒತ್ತದಿದ್ದರೂ ಹಾರುತ್ತೆ. ಒತ್ತಿದರೆ ಮಾತ್ರ ಹೊಡೆಯುವಂಥದ್ದನ್ನೇ ಆರಿಸಿ.

ತೇಗದ ಬೀಡಿಂಗಿಗೆ ತುದಿಯಿಂದ 3–4 ಸೆಂ.ಮೀ. ಬಿಟ್ಟು ಮೊದಲ ಮೊಳೆ ಹೊಡೆಯಿರಿ, ಸೀಳುವುದಿಲ್ಲ. ಮರದ ಕಪ್ಪು ಗೆರೆಯ ಮೇಲೇ ಮೂತಿ ಇಟ್ಟರೆ ಪುಟ್ಟಿ ತುಂಬಿದ ಮೇಲೆ ತೂತು ಹುಡುಕಿದರೂ ಸಿಗದು.

ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪು ಕಳಚಿ, ಆಮೇಲೆ ಮ್ಯಾಗಝೀನ್ ಎಳೆದು ಮೊಳೆ ತೆಗೆಯಿರಿ. ಮೂತಿಯ ಅಲನ್ ಬೋಲ್ಟು ಸಡಿಲಿಸಿ, ಬಾಗಿದ ಮೊಳೆಯನ್ನು ಇಕ್ಕಳದಲ್ಲಿ ಈಚೆಗೆ ತನ್ನಿ. ಪದೇ ಪದೇ ಹೀಗಾದರೆ ಮೊಳೆ ತಳ್ಳುವ ಬ್ಲೇಡಿನ ತುದಿ ನೋಡಿ: ಸವೆದು ದುಂಡಾಗಿದ್ದರೆ ಎರಡೆರಡು ಮೊಳೆ ಒಟ್ಟಿಗೆ ಹಿಡಿಯುತ್ತೆ, ಬ್ಲೇಡು ಬದಲಿಸಬೇಕು. ಗುಂಡಿ ಒತ್ತದೆಯೇ ಗಾಳಿ ಸೋರಿದರೆ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಹೋಗಿದೆ. ದಿನಾ ಕೆಲಸಕ್ಕೆ ಮುಂಚೆ ಪೈಪು ಸೇರುವ ಬಾಯಿಗೆ ಎರಡು ಮೂರು ಹನಿ ಏರ್ ಟೂಲ್ ಆಯಿಲ್ ಬಿಡಿ. ಗನ್ ಜೊತೆ ಒಂದು ಬ್ಲೇಡು, ಒಂದು ಸೆಟ್ ಓ-ರಿಂಗ್ ಅಲ್ಲೇ ಕೇಳಿ ತಗೊಳ್ಳಿ; ಬಿಡಿಭಾಗ ಕೊಡಲ್ಲ ಅನ್ನೋ ಅಂಗಡೀಲಿ ಗನ್ನೂ ತಗೋಬೇಡಿ.